ಆಗಮನ ಬಯಸುವವರು

ಬೆಳಿಗ್ಗೆ ಯಾರೋ ಬಾಗಿಲ ಸಂದಿಯಲ್ಲಿ ಲಗ್ನಪತ್ರಿಕೆ ತೂರಿಸಿ ಹೋಗಿದ್ದರು. ನಾಲ್ಕು ಮೂಲೆಗೂ ಹಚ್ಚಿದ ಅರಿಶಿನದ ಘಮ ಜಗಲಿಗೆಲ್ಲ ಹರಡಿತ್ತು. ನೀವು ಪತ್ರಿಕೆಯನ್ನು ಮೇಲಿನಿಂದ ಓದುತ್ತೀರಿ: ವಧೂವರರು, ಮುಹೂರ್ತ, ಕಲ್ಯಾಣಮಂಟಪ. ನಾನು ಕೆಳಗಿನಿಂದ ಓದುತ್ತೇನೆ. ‘ನಿಮ್ಮ ಆಗಮನ ಬಯಸುವವರು’ ಅಂತ ಸಣ್ಣಕ್ಷರದಲ್ಲಿ ಒತ್ತೊತ್ತಾಗಿ ನಿಂತಿರುತ್ತಾರಲ್ಲ, ಅವರನ್ನೆಲ್ಲ ಮಾತಾಡಿಸಿಯೇ ಮೇಲಕ್ಕೆ ಹೋಗುವುದು. ಹುಚ್ಚು ಅನ್ನಿ, ಬೇಜಾರಿಲ್ಲ.

ನ್ಯಾಮತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದವನು ನಾನು. ಕಥೆ ಬರೆಯುವ ಆಸೆಯಿತ್ತು. ಊರವರು ಬರೆಸಿದ್ದು ಲಗ್ನಪತ್ರಿಕೆಗಳನ್ನು. ನನ್ನ ಕೃತಿ ಓದಿದವರೆಲ್ಲ ತಪ್ಪದೆ ಬಂದು ಹೊಟ್ಟೆತುಂಬ ಉಂಡು ಹೋಗುತ್ತಾರೆ. ಎಷ್ಟು ಸಾಹಿತಿಗಳಿಗೆ ಈ ಭಾಗ್ಯ ಇದೆ ಹೇಳಿ!

ಪಕ್ಕದ ಮನೆಯ ಗಂಗಕ್ಕನ ಮಗಳು ಶಿಲ್ಪಾಳ ಪತ್ರಿಕೆಯನ್ನೂ ನಾನೇ ಬರೆದದ್ದು. ಅದರಲ್ಲೊಂದು ತೊಡಕಿತ್ತು. ಶಿಲ್ಪಾಳ ಅಣ್ಣ ಕಿರಣ ಡಿಗ್ರಿ ಕೊನೆಯ ವರ್ಷದಲ್ಲಿದ್ದಾಗ, ಎಂದಿನ ಬಸ್ಸಿಗೆ ಹೊನ್ನಾಳಿಯ ಕಾಲೇಜಿಗೆ ಹೋದವನು ವಾಪಸು ಬರಲೇ ಇಲ್ಲ. ಮನೆಯಲ್ಲಿ ಜಗಳವಿಲ್ಲ, ಪರೀಕ್ಷೆಯಲ್ಲಿ ಫೇಲಿಲ್ಲ. ಫೋನು ಸ್ವಿಚ್ ಆಫ್. ಪೊಲೀಸರು ಗೆಳೆಯರನ್ನೆಲ್ಲ ಕೂರಿಸಿ ಕೇಳಿದರು, ಹೊಳೆಯಲ್ಲೂ ಹುಡುಕಿಸಿದರು. ಜಗಳೂರಿನ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದಾನೆ ಎಂದರೊಬ್ಬರು; ಅಲ್ಲೇ ಹತ್ತಿರದ ಸೊಕ್ಕೆ ಊರಿನಲ್ಲಿ ಕಂಡ ಎಂದರು ಇನ್ನೊಬ್ಬರು. ಅವನಪ್ಪ ರುದ್ರಪ್ಪ ಗೊಬ್ಬರದ ಅಂಗಡಿಗೆ ಬೀಗ ಹಾಕಿ, ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಎಲ್ಲ ಕಡೆ ಅಲೆದ. ಜಗಳೂರಿನವನು ಬೇರೆ ಯಾರೋ. ನಮ್ಮ ಮುಖ ನೋಡಿ ಪಾಪ, ಒತ್ತಾಯ ಮಾಡಿ ದೋಸೆ ತಿನ್ನಿಸಿ ಕಳಿಸಿದ. ಇನ್‌ಸ್ಪೆಕ್ಟರುಗಳು ಬದಲಾದರು, ಕೇಸು ಪತ್ತೆಯಾಗದೆ ಕಪಾಟು ಸೇರಿತು.

ವರ್ಷಗಳಾದ ಮೇಲೆ ಶಿಲ್ಪಾಳ ಮದುವೆ ಗೊತ್ತಾಯಿತು. ನಾನು ಪತ್ರಿಕೆಯ ಕರಡು ಓದುತ್ತಿದ್ದಾಗ, ಬಸವಾಪಟ್ಟಣದಿಂದ ಬಂದಿದ್ದ ರುದ್ರಪ್ಪನ ಅಣ್ಣ ಕಿರಣನ ಹೆಸರಿನ ಮೇಲೆ ಬೆರಳಿಟ್ಟರು.

“ಮೇಷ್ಟ್ರೇ, ಇದಕ್ಕೆ ದಿವಂಗತ ಅಂತ ಸೇರಿಸ್ರಿ. ಇಲ್ಲಾಂದ್ರೆ ಹೆಸರೇ ತೆಗೀರಿ. ಇಷ್ಟು ವರ್ಷ ಸುದ್ದಿ ಇಲ್ಲಾಂದ್ರೆ ಕಾನೂನಿನಾಗೂ ಸತ್ತಂಗೇ ಲೆಕ್ಕ ಅಂತೆ. ನಾಳೆ ಬೀಗರು ಕೇಳಿದ್ರೆ ಏನು ಹೇಳಾಕೆ ಆಗ್ತೈತೆ?”

ಹೆಸರು ಬಿಡುವುದೇ ವಾಸಿ ಅಂತ ನನಗೂ ಅನ್ನಿಸಿತ್ತು. ಅಷ್ಟರಲ್ಲಿ ಗಂಗಕ್ಕ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದಳು.

“ಭಾವಾರೇ, ಈ ಪತ್ರಿಕೆ ಜಗಳೂರಿಗೂ ಕಳಿಸ್ತೀನಿ, ಸೊಕ್ಕೆಗೂ ಕಳಿಸ್ತೀನಿ. ಅವನ್ನ ನೋಡೀವಿ ಅಂದೋರಿಗೆಲ್ಲ ಕೊಡ್ತೀನಿ. ಅಕಸ್ಮಾತ್ ಅವನ ಕೈಗೇ ಸಿಕ್ತು ಅನ್ಕೊಳ್ರಿ. ಹೆಸರು ಇಲ್ದಿದ್ರೆ, ಇಲ್ಲಾ ಸತ್ತೋನು ಅಂತ ಹಾಕಿದ್ರೆ, ಮನೆಗೆ ಬರಾಕೆ ಮನಸ್ಸಾಗ್ತೈತೇನ್ರಿ?”

“ಬೀಗರು ಕೇಳಿದ್ರೆ?”

“ಬಂದಿಲ್ಲ ಅಂತೀನಿ. ಮದುವೆಗೆ ಬರದೇ ಇರೋರು ಎಷ್ಟು ಜನ ಇರಲ್ಲ!”

ಭಾವ ಹೆಸರಿನ ಮೇಲಿಂದ ಬೆರಳು ತೆಗೆದರು. ಹೆಸರು ಹಾಗೇ ಅಚ್ಚಾಯಿತು.

ಮದುವೆಗೆ ಕಿರಣ ಬರಲಿಲ್ಲ. ವಿಷಯ ತಿಳಿಯದ ಬೀಗರ ಕಡೆಯ ಮುದುಕರೊಬ್ಬರು ಊಟದ ಪಂಕ್ತಿಯಲ್ಲಿ ಕೇಳಿಯೇಬಿಟ್ಟರು: “ಹುಡುಗಿ ಅಣ್ಣ ಕಾಣವಲ್ಲನಲ್ರೀ?”

“ಇನ್ನೂ ಬಂದಿಲ್ರಿ” ಎಂದು ಗಂಗಕ್ಕ ಅವರ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು.

“ಬರ್ತಾನೆ ಬಿಡ್ರಿ, ಬಸ್ಸು ಸಿಕ್ಕಿರಂಗಿಲ್ಲ” ಎಂದು ಅವರು ತುಪ್ಪಕ್ಕೆ ಕೈಯೊಡ್ಡಿದರು.

ಗಂಗಕ್ಕ ನಕ್ಕಳು. ಎಷ್ಟೋ ವರ್ಷಗಳ ಮೇಲೆ ಒಬ್ಬರು ಅವಳ ಮಗನ ಬಗ್ಗೆ ದನಿ ತಗ್ಗಿಸದೆ ಮಾತಾಡಿದ್ದರು. ನನಗೂ ಖುಷಿಯಾಯಿತು. ಅವತ್ತು ನಾನೂ ಒಂದು ಒಬ್ಬಟ್ಟು ಹೆಚ್ಚಿಗೇ ತಿಂದೆ.

ಇವತ್ತು ಮಧ್ಯಾಹ್ನ ಗಂಗಕ್ಕ ಬಂದಿದ್ದಳು. ಶಿಲ್ಪಾ ಮತ್ತವಳ ಗಂಡ ಚನ್ನಗಿರಿಯಲ್ಲಿ ಮನೆ ಕಟ್ಟಿಸಿದ್ದಾರೆ, ಗೃಹಪ್ರವೇಶದ ಪತ್ರಿಕೆ ಆಗಬೇಕು. ಈ ಸಲ ಯಾರೂ ಹೇಳುವ ಮೊದಲೇ ಕಿರಣನ ಹೆಸರು ಬರೆದು ಹಾಳೆ ಅವಳ ಕೈಗಿಟ್ಟೆ. ಕನ್ನಡಕ ಏರಿಸಿ ಓದಿ, ತಲೆಯಾಡಿಸಿದಳು.

“ಕಿರಣಂದು ತಪ್ಪಾಗೈತ್ರಿ, ಮೇಷ್ಟ್ರೇ.”

ಕೊನೆಗೂ ಕೈಬಿಟ್ಟಳೇ?

“ಅವನಿಗೀಗ ಮೂವತ್ತು ದಾಟೈತೆ. ಇನ್ನೂ ಒಬ್ಬನೇ ಇರ್ತಾನೇನ್ರಿ? ಎಲ್ಲೇ ಇದ್ರೂ ಮದುವೆ ಆಗಿರ್ತಾನೆ. ಹೆಂಡ್ತೀನ ಬಿಟ್ರೆ ಆಕಿ ಬೇಜಾರು ಮಾಡ್ಕೊಳ್ಳಲ್ವಾ?”

ಹೆಸರು ಹೊಡೆದುಹಾಕಿ ‘ಶ್ರೀಮತಿ ಮತ್ತು ಶ್ರೀ ಕಿರಣ್’ ಎಂದು ತಿದ್ದಿದೆ. ನಮ್ಮ ಪತ್ರಿಕೆಗಳ ಪದ್ಧತಿಯಲ್ಲಿ ಆಕೆಯ ಹೆಸರು ಗೊತ್ತಿರಬೇಕಾಗಿಲ್ಲ. ಪೆನ್ನು ಮುಚ್ಚಲು ಮನಸ್ಸಾಗಲಿಲ್ಲ.

“‘ಮತ್ತು ಮಕ್ಕಳು’ ಅಂತ ಸೇರಿಸಲೇನವ್ವ?” ಎಂದು ನಾನೇ ಕೇಳಿದೆ.

ಗಂಗಕ್ಕ ಬೆರಳು ಮಡಿಸಿ ವರ್ಷಗಳ ಲೆಕ್ಕ ಹಾಕಿದಳು.

“ಹಾಕ್ರಿ. ಒಂದಾದ್ರೂ ಆಗಿರ್ತೈತೆ.”