ಸ್ಯಾಕ್ಸೊಫೋನಿನ ಮೇಲೆ ಅತ್ತೆಯ ಹೆಸರು

ದೇವನಹಳ್ಳಿ ಹತ್ತಿರದ ನಮ್ಮ ವಿಜಯಪುರದಲ್ಲಿ ಉಡುಗೊರೆ ಕೊಡಲು ಸ್ಟೀಲ್ ಪಾತ್ರೆ ಕೊಂಡವರು ಅದರ ಮೇಲೆ ಹೆಸರು ಹಾಕಿಸದೆ ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲ. ಮದುವೆಗೆ ಕೊಡುವ ದೊಡ್ಡ ಡಬರಿಯಾಗಲಿ, ನಾಮಕರಣಕ್ಕೆ ಕೊಡುವ ಪುಟ್ಟ ಲೋಟವಾಗಲಿ, ಅಂಗಡಿಯ ಮೂಲೆಯಲ್ಲಿ ಕೂತವನು ಕರೆಂಟಿನ ಪೆನ್ನು ಹಿಡಿದು ಜುಯ್ಯೆಂದು ಕೊಟ್ಟವರ ಹೆಸರು ಕೊರೆಯಲೇಬೇಕು. ಯಾರು ಕೊಟ್ಟರೆಂದು ತಿಳಿಯದ ಪಾತ್ರೆ ನಮ್ಮವರ ಲೆಕ್ಕದಲ್ಲಿ ಕೊಟ್ಟೂ ಕೊಡದ ಹಾಗೆ. ಹೀಗಾಗಿ ನನ್ನ ಸೋದರತ್ತೆ ತನ್ನ ಚೀಟಿ ಎತ್ತಿ ನನಗೊಂದು ಸ್ಯಾಕ್ಸೊಫೋನ್ ಕೊಡಿಸಿದಾಗ, ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದನ್ನು ಎತ್ತಿಕೊಂಡು ನೇರವಾಗಿ ಪಾತ್ರೆ ಅಂಗಡಿಗೆ ಹೋಗಿಬಿಟ್ಟಿದ್ದಳು.

ಅಂಗಡಿಯವನು ಮೊದಲು ಹಿಂಜರಿದನಂತೆ. ನಿನ್ನ ಕೊಡವೂ ಹಿತ್ತಾಳೆ, ಇದೂ ಹಿತ್ತಾಳೆ, ಕೊರಿ ಎಂದು ಅತ್ತೆ ಗದರಿದಳಂತೆ. ಆಮೇಲೆ ಅವನು ಕೊರೆದದ್ದೇ ಕೊರೆದದ್ದು. ಸ್ಯಾಕ್ಸೊಫೋನಿನ ಅಗಲವಾದ ಬಾಯಿಯ ಮೇಲೆ ಕಂಪನಿಯವರ ಹೆಸರು ಸಣ್ಣಗೆ, ನಾಜೂಕಾಗಿ, ಇಂಗ್ಲಿಷಿನಲ್ಲಿ ಇತ್ತು. ಅದರ ಕೆಳಗೆ ದಪ್ಪ ಕನ್ನಡ ಅಕ್ಷರಗಳಲ್ಲಿ ಅತ್ತೆಯ ಹೆಸರು, ಅದರ ಮುಂದೆ ‘ಇವರ ಉಡುಗೊರೆ’ ಎಂಬ ಒಕ್ಕಣೆ, ಆಚೆಗೊಂದು ಈಚೆಗೊಂದು ತಾವರೆ ಹೂವು. ಮದುವೆ ಪಾತ್ರೆಗೆ ಹಾಕುವ ತಾವರೆಯೇ.

ನೋಡಿ ನಾನು ಕಿಟಾರನೆ ಕಿರುಚಿದೆ. ವಾದ್ಯದ ಮೇಲೆ ಯಾರಾದರೂ ಹೀಗೆ ಕೊರೆಸುತ್ತಾರೆಯೇ? ಊಟ ಬಿಟ್ಟು ಅದನ್ನು ನನಗೆ ಊದಲು ಕಲಿಸುತ್ತಿದ್ದ ಮೇಷ್ಟ್ರ ಮನೆಗೆ ಹೊತ್ತುಕೊಂಡು ಓಡಿದೆ. ಅವರು ತಿರುಗಿಸಿ ನೋಡಿದರು, ಊದಿ ನೋಡಿದರು, ನಾದಕ್ಕೆ ಏನೂ ಆಗಿಲ್ಲ ಎಂದು ತೀರ್ಪು ಕೊಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ನಗು ಕೇಳುತ್ತಾ ಕೇಳುತ್ತಾ ನನಗೂ ನಗು ಬಂತು. ಅಂದಿನಿಂದ ನಮ್ಮ ಆರ್ಕೆಸ್ಟ್ರಾದಲ್ಲಿ ನನ್ನ ವಾದ್ಯಕ್ಕೆ ‘ಅತ್ತೆ’ ಎಂದೇ ಹೆಸರು. ವೇದಿಕೆ ಹತ್ತುವ ಮುಂಚೆ ಎಲ್ಲರೂ ಅತ್ತೆ ಬಂತಾ ಎಂದು ಕೇಳುವವರೇ.

ಅತ್ತೆ ಯಾಕೆ ಹಾಗೆ ಮಾಡಿದಳು ಎಂಬುದು ನನಗೆ ಹೊಳೆದದ್ದು ಸ್ವಲ್ಪ ತಡವಾಗಿ. ಅವಳು ಮದುವೆಯಾಗಲಿಲ್ಲ. ನಮ್ಮ ಮನೆಯಲ್ಲೇ ಇದ್ದು, ಅಪ್ಪನ ಜೊತೆ ಸಮಸಮವಾಗಿ ರೇಷ್ಮೆ ನೂಲು ಹುರಿ ಮಾಡುವ ಮಷೀನುಗಳನ್ನು ನಡೆಸಿಕೊಂಡು ಬಂದವಳು. ನೆಂಟರ ಮನೆಯ ಮದುವೆ ಬಂದರೆ ಪಾತ್ರೆ ಆರಿಸುವವಳು ಅವಳು, ಚೌಕಾಸಿ ಮಾಡುವವಳು ಅವಳು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸೂಲಿಬೆಲೆಯವರೆಗೆ ಒಯ್ಯುವವಳೂ ಅವಳೇ. ಪಾತ್ರೆಯ ಮೇಲೆ ಮಾತ್ರ ಅಪ್ಪನ ಹೆಸರು, ‘ಮತ್ತು ಕುಟುಂಬದವರು’. ಆ ಕುಟುಂಬದವರೊಳಗೆ ಎಲ್ಲೋ ಒಂದು ಕಡೆ ಅತ್ತೆ. ಸುತ್ತಲಿನ ಎಷ್ಟೋ ಅಡುಗೆಮನೆಗಳಲ್ಲಿ ಅವಳು ಕೊಟ್ಟ ಪಾತ್ರೆಗಳಿವೆ, ಒಂದರ ಮೇಲೂ ಅವಳಿಲ್ಲ. ಇದು ಹೊಳೆದ ದಿನ ನಾನು ಆ ತಾವರೆಗಳಿಗೆ ಹೊಳಪು ಬರಲೆಂದು ಹುಣಸೆಹಣ್ಣು ಹಚ್ಚಿ ಉಜ್ಜಲು ಹೋಗಿ ಮೇಷ್ಟ್ರಿಂದ ಬೈಸಿಕೊಂಡೆ.

ಇದೆಲ್ಲ ಆಗಿ ಕೆಲವು ವರ್ಷಕ್ಕೆ ನಮ್ಮ ಆರ್ಕೆಸ್ಟ್ರಾಕ್ಕೆ ವಿಡಿಯೋದ ಹುಚ್ಚು ಹಿಡಿಯಿತು. ಮದುವೆ ಮನೆಗಳಲ್ಲಿ ಬೇರೆಯವರ ಹಾಡು ಬಾರಿಸಿ ಸಾಕಾಗಿದೆ, ನಮ್ಮದೇ ಒಂದು ಹಾಡು ಮಾಡಿ ಮೊಬೈಲಿಗೆ ಬಿಡೋಣ ಎಂದು ಎಲ್ಲರೂ ಕುಣಿದರು. ದೇವನಹಳ್ಳಿ ಕಡೆಯ ಒಬ್ಬ ಹುಡುಗ, ಮದುವೆ ವಿಡಿಯೋ ತೆಗೆದು ಪಳಗಿದವನು, ನಮ್ಮ ಡೈರೆಕ್ಟರ್ ಆದ. ಜಾಗ ಊರಾಚೆಯ ಹಿಪ್ಪುನೇರಳೆ ತೋಟ. ಅತ್ತೆ ಈ ಸುದ್ದಿ ಕೇಳಿದ್ದೇ ತಡ, ಬೀದಿ ಬೀದಿಗೆ ಹೇಳಿಕೊಂಡು ಬಂದಳು. ಹಾಡಿನ ಬಗ್ಗೆ ಅವಳಿಗೇನೂ ಗೊತ್ತಿರಲಿಲ್ಲ. ವಿಡಿಯೋದಲ್ಲಿ ತನ್ನ ಹೆಸರು ಬರುತ್ತದೆ ಎಂಬುದಷ್ಟೇ ಅವಳು ಹೇಳಿದ ಸುದ್ದಿ.

ಶೂಟಿಂಗ್ ದಿನ ಡೈರೆಕ್ಟರ್ ಕೈತುಂಬ ಕಪ್ಪು ಟೇಪಿನ ಸುರುಳಿಗಳನ್ನು ಬಳೆ ಹಾಗೆ ತೊಟ್ಟುಕೊಂಡು ಬಂದ. ಅವನದು ಒಂದೇ ನಿಯಮ. ಯಾವ ಕಂಪನಿಯ ಹೆಸರೂ ಕಾಣಕೂಡದು. ಅವರು ನಮಗೆ ಒಂದು ಟೀ ಕೂಡ ಕುಡಿಸಿಲ್ಲ, ಅವರ ಬೋರ್ಡನ್ನು ನಾವೇಕೆ ಪುಕ್ಕಟೆ ಹೊರಬೇಕು ಎಂಬುದು ಅವನ ವಾದ. ಮೊದಲು ಡ್ರಮ್ಮಿನ ಹೆಸರಿಗೆ ಟೇಪು ಬಿತ್ತು, ಆಮೇಲೆ ಮೈಕಿಗೆ, ಸ್ಪೀಕರಿಗೆ. ಕೈ ಪಳಗಿದ ಮೇಲೆ ಅವನನ್ನು ತಡೆಯುವವರೇ ಇರಲಿಲ್ಲ. ನೀರಿನ ಬಾಟಲಿಗೆ ಅಂಟಿಸಿದ, ಡ್ರಮ್ ಬಾರಿಸುವವನ ಟೋಪಿಗೆ ಅಂಟಿಸಿದ, ತೋಟದವರು ಬದುವಿನ ಮೇಲೆ ಇಟ್ಟಿದ್ದ ಗೊಬ್ಬರದ ಚೀಲಕ್ಕೂ ಅಂಟಿಸಿ ಬಂದ. ಒಂದು ಗಂಟೆಯಲ್ಲಿ ಆ ತೋಟದಲ್ಲಿ ಹೆಸರಿರುವ ವಸ್ತುವೇ ಉಳಿಯಲಿಲ್ಲ. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು.

ನಗದವರು ಇಬ್ಬರೇ. ಒಬ್ಬ ನಮ್ಮ ಕೀಬೋರ್ಡಿನವನು. ಅವನು ಆ ಕೀಬೋರ್ಡ್ ಕೊಂಡದ್ದೇ ಅದರ ಹಿಂದೆ ಬಿಳಿ ಅಕ್ಷರದಲ್ಲಿರುವ ಹೆಸರಿಗಾಗಿ. ಕಾರ್ಯಕ್ರಮಕ್ಕೆ ಮುಂಚೆ ಆ ಹೆಸರನ್ನು ಅಂಗಿಯ ಚುಂಗಿನಿಂದ ಒರೆಸುತ್ತಿದ್ದ, ಮಗುವಿನ ಮೂತಿ ಒರೆಸುವ ಹಾಗೆ. ಅದರ ಮೇಲೆ ಟೇಪು ಬಿದ್ದಾಗ ಅವನ ಮುಖ ನೋಡಬೇಕಿತ್ತು.

ಇನ್ನೊಬ್ಬಳು ಅತ್ತೆ. ಅವಳನ್ನು ಯಾರೂ ಕರೆದಿರಲಿಲ್ಲ. ನಮ್ಮ ಮಷೀನಿನ ನೂಲೇ ಇದರಲ್ಲಿರೋದು ಎಂದು ಅವಳು ಆಣೆ ಮಾಡಿ ಹೇಳುವ ಗುಲಾಬಿ ಬಣ್ಣದ ರೇಷ್ಮೆ ಸೀರೆ ಉಟ್ಟು, ತಲೆತುಂಬ ಕನಕಾಂಬರ ಮುಡಿದು ಬಂದು ಬದುವಿನ ಮೇಲೆ ಕೂತಿದ್ದಳು. ಡೈರೆಕ್ಟರ್ ನನ್ನ ಬಳಿ ಬಂದು ಸ್ಯಾಕ್ಸೊಫೋನಿನ ಇಂಗ್ಲಿಷ್ ಹೆಸರಿಗೆ ಒಂದು ತುಂಡು ಟೇಪು ಅಂಟಿಸಿದ. ಇನ್ನೊಂದು ಉದ್ದ ತುಂಡು ಹರಿದು ತಾವರೆಗಳ ಕಡೆ ಕೈ ಚಾಚಿದಾಗ ಅತ್ತೆ ಎದ್ದು ನಿಂತಳು.

“ಅದ್ಯಾಕಪ್ಪ ಮುಚ್ಚೀಯ?”

“ರೂಲ್ಸು ಆಂಟಿ. ಹೆಸ್ರು ಯಾವ್ದೂ ಕಾಣಂಗಿಲ್ಲ.”

“ಕಂಪ್ನೀರದು ಮುಚ್ಕೊ, ನಾನ್ ಬ್ಯಾಡ ಅನ್ನಲ್ಲ. ನಾನೇನ್ ಕಂಪ್ನೀನಾ? ನಾನು ಇವ್ಳ ಅತ್ತೆ.”

ಟೇಪಿನ ತುಂಡು ಅವನ ಬೆರಳಿಗೇ ಸುತ್ತಿಕೊಂಡಿತು. ಅದನ್ನು ಬಿಡಿಸಿಕೊಳ್ಳುತ್ತಾ, ಆಯ್ತು ಆಂಟಿ, ನಿಮ್ಮದೊಂದು ಇರಲಿ ಎಂದ. ಅಷ್ಟೇ ಅಲ್ಲ, ಹಾಡಿಗೆ ಚಪ್ಪಾಳೆ ತಟ್ಟಲು ಕರೆಸಿದ್ದ ಹೆಂಗಸರ ಗುಂಪಿನಲ್ಲಿ ಅತ್ತೆಯನ್ನು ಮೊದಲ ಸಾಲಿಗೇ ನಿಲ್ಲಿಸಿದ. ಹಾಡನ್ನು ಮೊದಲೇ ರೆಕಾರ್ಡ್ ಮಾಡಿದ್ದರಿಂದ ನಾವು ಸುಮ್ಮನೆ ಬಾರಿಸಿದ ಹಾಗೆ ನಟಿಸಬೇಕಿತ್ತು. ಆದರೆ ಆ ಖುಷಿಯಲ್ಲಿ ನಾನು ನಿಜವಾಗಿಯೇ ಊದಿದೆ, ಮರದಿಂದ ಒಂದು ಹಿಂಡು ಗೊರವಂಕ ಹಾರಿಹೋಯಿತು. ಹಾಡಿನ ನಡುವೆ ನಾನು ಸ್ಯಾಕ್ಸೊಫೋನ್ ಎತ್ತಿ ಬಾಯಿಯನ್ನು ಕ್ಯಾಮೆರಾಕ್ಕೆ ಒಡ್ಡುವ ಒಂದು ಗಳಿಗೆ ಇತ್ತು. ಅತ್ತೆಯ ಹೆಸರು ಬಿಸಿಲಿಗೆ ಫಳಫಳ ಎಂದಿತು. ಅದನ್ನು ಬೇಕೆಂದೇ ಮೂರ್ನಾಲ್ಕು ಸಲ ತಪ್ಪು ಮಾಡಿ ಮತ್ತೆ ಮತ್ತೆ ತೆಗೆಸಿದೆ.

ಆ ಗಡಿಬಿಡಿಯಲ್ಲಿ ಕೀಬೋರ್ಡಿನವನು ಮೆಲ್ಲಗೆ ತನ್ನ ಟೇಪು ಕಿತ್ತು ಜೇಬಿಗೆ ಹಾಕಿಕೊಂಡದ್ದನ್ನು ಯಾರೂ ನೋಡಲಿಲ್ಲ. ಡೈರೆಕ್ಟರಿಗೂ ಅದು ಗೊತ್ತಾದದ್ದು ಎಡಿಟಿಂಗಿಗೆ ಕೂತಾಗ. ಎಲ್ಲಿ ನೋಡಿದರೂ ಕೀಬೋರ್ಡಿನ ಹೆಸರು ಹಲ್ಲು ಕಿರಿಯುತ್ತಿತ್ತಂತೆ. ಮತ್ತೆ ಶೂಟಿಂಗ್ ಮಾಡಲು ಸಾಧ್ಯವಿರಲಿಲ್ಲ. ಅವನು ತಲೆ ಓಡಿಸಿ ಇಡೀ ಹಾಡನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿಬಿಟ್ಟ. ಹೆಸರು ತಿರುಗಾಮುರುಗಾ ಆಗಿ ಯಾರಿಗೂ ಓದಲು ಬಾರದಂತಾಯಿತು. ಎಷ್ಟು ಜಾಣ ನೋಡಿ. ಆಂಟಿಯ ನೆನಪು ಮಾತ್ರ ಆ ಜಾಣನಿಗೆ ಬರಲಿಲ್ಲ.

ಹಾಡು ಬಿಟ್ಟದ್ದು ಒಂದು ಭಾನುವಾರ ಮಧ್ಯಾಹ್ನ. ನಮ್ಮ ನಡುಮನೆಯಲ್ಲಿ ಮಷೀನು ಕೆಲಸದ ಹೆಂಗಸರು, ಅಕ್ಕಪಕ್ಕದವರು ಎಲ್ಲ ಕಿಕ್ಕಿರಿದು ಕೂತಿದ್ದರು. ಅತ್ತೆ ಅವರೆಕಾಳು ಹುರಿದು ಎಲ್ಲರ ಕೈಗೂ ಹಂಚಿದಳು. ನಾನು ಮೊಬೈಲು ಹಿಡಿದು ಹಾಡು ಹಾಕಿದೆ. ಮೊದಲು ಏನೋ ಸರಿಯಿಲ್ಲ ಅನ್ನಿಸಿತು. ಡ್ರಮ್ಮಿನವನು ಎಡಚನಾಗಿದ್ದ. ನನ್ನ ಸ್ಯಾಕ್ಸೊಫೋನ್ ಬಲಗಡೆಯಿಂದ ಎಡಗಡೆಗೆ ದಾಟಿತ್ತು. ಅಷ್ಟರಲ್ಲಿ ತೆರೆಯ ಮೇಲೆ ಅತ್ತೆ ಬಂದಳು, ಬಲ ಹೆಗಲ ಮೇಲೆ ಸೆರಗು ಹಾಕಿಕೊಂಡು. ಇದೇನೇ ಮಾರ್ವಾಡಿ ಸೇಟಮ್ಮ ಆಗಿದ್ದೀಯಾ ಎಂದು ಪಕ್ಕದ ಮನೆಯಾಕೆ ಕೇಳಿದ್ದಕ್ಕೆ ಎಲ್ಲರೂ ಗೊಳ್ಳೆಂದರು. ಅತ್ತೆಯೂ ನಕ್ಕಳು.

ಆಮೇಲೆ ನಾನು ಸ್ಯಾಕ್ಸೊಫೋನ್ ಎತ್ತಿದ ಆ ಗಳಿಗೆ ಬಂತು. ಫಳಫಳ ಹೊಳೆದ ಅಕ್ಷರಗಳು ಯಾವ ದೇಶದವೋ ಅನ್ನುವ ಹಾಗಿದ್ದವು. ತಾವರೆಗಳು ಮಾತ್ರ ನೆಟ್ಟಗಿದ್ದವು, ತಾವರೆಗೆ ಎಡವೂ ಒಂದೇ ಬಲವೂ ಒಂದೇ. ಎಲ್ಲಿದೆ ಹೆಸರು ಎಂದು ಯಾರೂ ಕೇಳಲಿಲ್ಲ, ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ಡೈರೆಕ್ಟರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಪಾಪ, ಸಾರಿ ಅಕ್ಕ ಎಂದು ತೊದಲುತ್ತಾ, ಆಗಲೇ ಊರಿಗೆಲ್ಲ ಹೋಗಿಬಿಟ್ಟಿರುವ ಹಾಡನ್ನು ವಾಪಸ್ಸು ತರುವುದು ಹೇಗೆ ಎಂದು ನನ್ನನ್ನೇ ಕೇಳಿದ.

ನಾನು ಮಾತು ಮುಗಿಸಿ ತಿರುಗಿದರೆ ಅತ್ತೆ ಕೂತಲ್ಲಿ ಇರಲಿಲ್ಲ. ಬಚ್ಚಲ ಬಾಗಿಲಿನ ಪಕ್ಕ ಮೊಳೆಗೆ ನೇತುಹಾಕಿದ್ದ, ಅಪ್ಪ ದಿನಾ ಗಡ್ಡ ಕೆರೆದುಕೊಳ್ಳುವ ಕನ್ನಡಿಯನ್ನು ಬಿಚ್ಚಿಕೊಂಡು ಬರುತ್ತಿದ್ದಳು. ನಿಧಾನವಾಗಿ ಅದನ್ನು ಸೆರಗಿನಿಂದ ಒರೆಸಿದಳು. ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು, ಗೋಡೆಗೆ ಒರಗಿ ನಿಂತಿದ್ದ ಅಪ್ಪನ ಹತ್ತಿರ ಹೋಗಿ, ಕನ್ನಡಿಯನ್ನು ಅವನ ಕೈಗೆ ಕೊಟ್ಟಳು.

“ಹಿಡ್ಕೊ,” ಎಂದಳು. “ಅಲ್ಲಾಡಿಸ್ಬ್ಯಾಡ.”

ಅಪ್ಪ ಕನ್ನಡಿಯನ್ನು ಎದೆಗೆ ಆನಿಸಿ ಹಿಡಿದ. ಅತ್ತೆ ಅದರ ಎದುರು ಮೊಬೈಲು ಒಡ್ಡಿ ಹಾಡನ್ನು ಮತ್ತೆ ಹಾಕಿದಳು. ಹೆಂಗಸರೆಲ್ಲ ಎದ್ದು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ಕನ್ನಡಿಯೊಳಗೆ ಇಣುಕಿದರು. ಸೆರಗು ಎಡಕ್ಕೆ ಬಂತು. ಡ್ರಮ್ಮಿನವನ ಕೈ ಸರಿಹೋಯಿತು. ಕೀಬೋರ್ಡಿನವನ ಕಂಪನಿ ಕೂಡ ಮಿಂಚಿತು, ಹಾಳಾಗಿ ಹೋಗಲಿ, ಅವನಿಗೂ ಒಂದು ಖುಷಿ. ಆಮೇಲೆ ನಾನು ಸ್ಯಾಕ್ಸೊಫೋನ್ ಎತ್ತಿದೆ, ಅತ್ತೆ ಅಲ್ಲಿಗೇ ಹಾಡು ನಿಲ್ಲಿಸಿದಳು. ಎರಡು ತಾವರೆಗಳ ನಡುವೆ, ಅಪ್ಪನ ಎದೆಯ ಮೇಲೆ, ಅವಳ ಹೆಸರು.

ಅವಳು ಅದನ್ನು ಗಟ್ಟಿಯಾಗಿ ಓದಿದಳು. ಹೆಂಗಸರೂ ಓದಿದರು. ನನಗೆ ಕುಣಿಯಬೇಕು ಅನ್ನಿಸಿತು, ಆ ಇಕ್ಕಟ್ಟಿನಲ್ಲೇ ಕುಣಿದೆ, ಕಾಲ ಕೆಳಗೆ ಅವರೆಕಾಳು ಪಟಪಟ ಒಡೆದವು. ತಡವಾಗಿ ಬಂದವರಿಗೆಲ್ಲ ಮತ್ತೆ ಮೊದಲಿನಿಂದ ತೋರಿಸಬೇಕಾಯಿತು. ಕೈ ಸೋತಿತೇನಪ್ಪ ಎಂದು ಯಾರೋ ಕೇಳಿದಾಗ ಅಪ್ಪ ಇಲ್ಲವೆಂದು ತಲೆಯಾಡಿಸಿದ. ಕನ್ನಡಿಯ ಹಿಂದೆ ನಿಂತವನಿಗೆ ಅದರಲ್ಲಿ ಏನಿದೆ ಎಂದು ಕಾಣುತ್ತಿರಲಿಲ್ಲ. ಆದರೂ ಪ್ರತಿ ಸಲ ಆ ಜಾಗ ಬಂದಾಗ, ಎಲ್ಲರ ಜೊತೆ ಅವನೂ ತಂಗಿಯ ಹೆಸರು ಹೇಳಿದ.