ನನ್ನ ಹೆಸರಿನ ಪಿಂಚಣಿ, ಅವರ ತೆರಿಗೆ

ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಾಗ ಯಾದಗಿರಿಯಿಂದ ನಮ್ಮ ಆಡಿಟರ್ ಫೋನ್ ಮಾಡಿದರು. ಪಿಂಚಣಿ ಖಾತೆಗೆ ಕಟ್ಟಿದ ಐವತ್ತು ಸಾವಿರದವರೆಗಿನ ಹಣಕ್ಕೆ ಪ್ರತ್ಯೇಕ ತೆರಿಗೆ ರಿಯಾಯಿತಿ ಶುರುವಾಗಿ ಅದು ಎರಡನೆಯ ವರ್ಷ. ಮಾರ್ಚ್ ಮುಗಿಯಲು ಬಂದಿತ್ತು.

ನಮ್ಮ ಯಜಮಾನರು ಕಾಲುವೆ ಗುತ್ತಿಗೆದಾರರು. ಆ ವರ್ಷ ಕಾಲುವೆಗೆ ನೀರು ಬೇಗ ನಿಲ್ಲಿಸಿದ್ದರು. ನೀರು ನಿಂತಾಗಲೇ ಸಿಮೆಂಟ್ ಕೆಲಸ ಆಗಬೇಕು. ಹಾಗಾಗಿ ಅವರು ಸುರಪುರದಾಚೆ ಕ್ಯಾಂಪಿನಲ್ಲಿ, ನಾನೊಬ್ಬಳೇ ಶಹಾಪುರದ ಮನೆಯಲ್ಲಿ. ಆ ಮನೆಯೇ ನನ್ನ ನೌಕರಿ. ಮಕ್ಕಳನ್ನು ದೇವರು ಕೊಡಲಿಲ್ಲ. ಯಜಮಾನರಿಗಿಂತ ನಾನು ಹದಿಮೂರು ವರ್ಷ ಚಿಕ್ಕವಳು.

"ಅಕ್ಕಾರ, ಪಿಂಚಣಿ ಖಾತಿ ನಿಮ್ಮ ಹೆಸರಿಲೆ ಅದ. ಸಾಹೇಬ್ರಿಗೆ ರಿಯಾಯಿತಿ ಸಿಗಂಗಿಲ್ರಿ," ಎಂದರು ಆಡಿಟರ್.

"ರೊಕ್ಕ ಅವರೇ ಕಟ್ಯಾರಲ್ರಿ?"

"ಯಾರ ಖಾತಿಯೋ ಅವರಿಗೇ ರಿಯಾಯಿತಿ. ನಿಮಗ ಗಳಿಕಿ ಇಲ್ಲ, ಉಪಯೋಗಿಲ್ಲ. ತಿಂಗಳ ಮುಗಿಯೋದ್ರಾಗ ಸಾಹೇಬ್ರ ಹೆಸರಿಲೆ ಒಂದು ತೆಗೀರಿ. ಮುಂದ ನಿಮ್ಮದಕ್ಕ ಕಟ್ಟೋದು ಸುಮ್ನ ದಂಡ."

ತಪ್ಪು ನಮ್ಮ ಮನೆಯ ರೂಢಿಯದು. ಹೊಸದೇನು ಬಂದರೂ ಮನೆಯ ಲಕ್ಷ್ಮಿಯ ಹೆಸರಿಗೆ. ಟಿಪ್ಪರ್, ಪ್ಲಾಟು ಎಲ್ಲಕ್ಕೂ ನನ್ನ ಹೆಸರು. ಕೊಳ್ಳುವುದು, ಮಾರುವುದು ಅವರು, ಸಹಿ ಮಾತ್ರ ನನ್ನದು. ಈ ಖಾತೆ ಹಾಗಲ್ಲ. ನನಗೆ ಅರವತ್ತಾದ ಮೇಲೆ ತಿಂಗಳು ತಿಂಗಳು ನನ್ನ ಕೈಗೇ ಬರುವಂಥದ್ದು. ಅವರಂತೆ ಹೆಚ್ಚು ಗಳಿಸುವವರಿಗೆ ತೆರಿಗೆ ನೂರಕ್ಕೆ ಮೂವತ್ತು. ಉಪಯೋಗವಿಲ್ಲದ್ದಕ್ಕೆ ಇನ್ನು ಮುಂದೆ ಅವರೇಕೆ ಕಟ್ಟುತ್ತಾರೆ ಎಂದು ಎದೆ ಭಾರವಾಯಿತು.

ಕ್ಯಾಂಪಿಗೆ ಫೋನ್ ಹತ್ತಲಿಲ್ಲ. ಅವರ ಆಧಾರ್, ಪ್ಯಾನ್ ಕಾರ್ಡುಗಳನ್ನು ರೊಟ್ಟಿ ಗಂಟಿನಲ್ಲಿ ಇಟ್ಟುಕೊಂಡು ಬಸ್ ಹತ್ತಿದೆ. ಕಿಟಕಿಯ ಸೀಟು ಸಿಕ್ಕಿತು, ತಿಂಥಣಿ ಮೌನೇಶಪ್ಪನ ದಯೆ. ದಾರಿಯುದ್ದಕ್ಕೂ ಮಾತಾಡಲು ಯಾರೂ ಇರಲಿಲ್ಲ.

ನನ್ನನ್ನು ಕಂಡ ಮೇಸ್ತ್ರಿ ಚೇಷ್ಟೆಗೆ ಕೂಗಿದ: "ಸಾಹೇಬ್ರ, ಇನ್‌ಕಮ್ ಟ್ಯಾಕ್ಸ್‌ನವರು ಬಂದಾರ ನೋಡ್ರಿ!"

"ಖರೇನೇ ಅದಕ್ಕೇ ಬಂದೀನೋ ಯಪ್ಪಾ," ಎಂದೆ. ಯಜಮಾನರಿಗೆ ಎಲ್ಲ ಹೇಳಿದೆ. ಕೊನೆಗೆ, ಒಣಗಿದ ಕಾಲುವೆ ನೋಡುತ್ತ, "ಮುಂದ ನನ್ನದಕ್ಕ ಕಟ್ಟೋದು ದಂಡ ಅಂತ," ಎಂದೂ ಹೇಳಿದೆ. ಅವರು ಗಂಟು ಬಿಚ್ಚಿ ಕಾರ್ಡುಗಳನ್ನು ತೆಗೆದುಕೊಂಡರು.

ಸಿಗ್ನಲ್ ಸಿಗುವುದು ಕಾಲುವೆಯ ಏರಿಯ ಮೇಲೆ ಮಾತ್ರ. ಅಲ್ಲಿ ನಿಂತು, ಮೊಬೈಲಿಗೆ ಬಂದ ಸಂಖ್ಯೆಗಳನ್ನು ಒತ್ತಿ, ತಮ್ಮ ಹೆಸರಲ್ಲಿ ಖಾತೆ ತೆರೆದು ಹಣ ಕಟ್ಟಿದರು. ಆಮೇಲೆ ಆಡಿಟರಿಗೆ ಫೋನ್ ಹಚ್ಚಿದರು.

"ನಂದಾತು. ಆಕಿದಕ್ಕೂ ವರ್ಷಾ ವರ್ಷಾ ಕಟ್ಟೂದು ಬರಕೋರಿ." ಆ ಕಡೆಯಿಂದ ಏನೋ ಅಂದರು. "ದಂಡ ಆದ್ರ ಆಗವಲ್ದ್ಯಾಕ. ನಾ ಇಲ್ದಾಗ ಆಕಿ ಯಾರ ಮುಂದ ಕೈ ಒಡ್ಡಬೇಕ್ರಿ?"

ನನಗೆ ಹಗುರವಾಗಬೇಕಿತ್ತು. ಆಯಿತು ಕೂಡ. ಆದರೆ ತಾವಿಲ್ಲದ ದಿನವನ್ನು ಅವರು ಆಗಲೇ ಯೋಚಿಸಿಟ್ಟಿದ್ದರಲ್ಲ ಎಂಬುದು ತಿರುಗಿ ಬರುವಾಗ ಬಸ್ಸಿನ ದಾರಿಯುದ್ದಕ್ಕೂ ನನ್ನ ಪಕ್ಕದಲ್ಲೇ ಕುಳಿತು ಬಂತು. ಕೆಲಸ ಬಿಟ್ಟು ಅವರು ಬರುವಂತಿರಲಿಲ್ಲ.

ಅಂದಿನಿಂದ ಮನೆಗೆ ಯಾವ ಯೋಜನೆ ಬಂದರೂ ಇದು ಯಾರ ಹೆಸರಿಗೆ, ಯಾರ ಯಾವ ದಿನಕ್ಕೆ ಎಂದು ಮೊದಲು ಕೇಳುತ್ತೇನೆ. ಮನೆವಾಳ್ತೆ ಕಲಿಸಿದ್ದು ಅಷ್ಟು.

ಆ ಸಂಜೆ ಮನೆಗೆ ಬಂದು ಬೀಗ ತೆಗೆದಾಗ ಮೊರದಲ್ಲಿ ಅರ್ಧ ಹಸನಾದ ಜೋಳ ಹಾಗೇ ಇತ್ತು. ಇಲಿ ಮುಟ್ಟಿರಲಿಲ್ಲ, ಅದೂ ದೇವರ ಕರುಣೆಯೇ. ದೀಪ ಹಚ್ಚಿ, ಉಳಿದದ್ದನ್ನು ಹಸನು ಮಾಡಲು ಕುಳಿತೆ.