ಯಮನೂರಮ್ಮನ ಅಕ್ಕಡಿ

ಲಿಂಗಸುಗೂರಿನ ಪಂಪಣ್ಣ ಸಾವುಕಾರರ, ಹತ್ತಿ-ಕಾಳು ಕೊಂಡು ಮಾರುವ ಅಡತಿ ಅಂಗಡಿಯಲ್ಲಿ ನಾನು ತಿಂಗಳ ಪಗಾರದ ಆಳು. ಬಗಲಲ್ಲಿ ಛತ್ರಿ ಇರುವುದರಿಂದ ನನ್ನನ್ನು ಲೆಕ್ಕ ಬರೆಯುವ ಮುನೀಮನೆಂದು ತಿಳಿದವರಿದ್ದಾರೆ. ಅವರಲ್ಲಿ ಮೊದಲನೆಯವನು ನಾನೇ. ಚೀಲ ಹೊರುವವನೂ ನಾನೇ.

ಮಸ್ಕಿ ಕಡೆಯ ಯಮನೂರಮ್ಮ ಅಂಗಡಿಗೆ ಬಂದದ್ದು ಹುಬ್ಬಿ ಮಳೆ ಬಿದ್ದ ಮರುದಿನ. ಗಂಡ ತೀರಿದ ಮೇಲೆ ಹೊಲ ಮಾಡುವವಳು ಅವಳು. ಹೊಲದ ಪಟ್ಟಾ ಮಾತ್ರ ಮೈದುನನ ಹೆಸರಿನಲ್ಲಿ. ಬೀಜಕ್ಕೂ ಎತ್ತಿಗೂ ನಿಜಾಮ ಸರಕಾರ ಕೊಡುವ ತಗಾವಿ ಸಾಲ ಪಟ್ಟೇದಾರನಿಗಷ್ಟೇ ಅಂದಿದ್ದರು ಕಚೇರಿಯವರು. ಮೈದುನ ಕಚೇರಿಗೆ ಬರಲೊಲ್ಲೆ ಅಂದಿದ್ದ. ನೆಲದ ಹಸಿ ಆರುವುದರೊಳಗೆ ಬಿತ್ತಬೇಕು.

"ಬೀಜ ಕೊಡ್ತೀನಿ, ಎತ್ತಿನ ಬಾಡಿಗಿನೂ ಕೊಡ್ತೀನಿ. ಆದ್ರ ಹತ್ತಿನ ಬಿತ್ತಬೇಕು," ಅಂದರು ಸಾವುಕಾರರು.

"ಹತ್ತಿ ಉಣ್ಣಾಕ ಬರತೈತೇನ್ರಿ?"

"ಮಾರಿ ಜ್ವಾಳ ಕೊಳ್ಳವ್ವಾ. ನಮ್ಮ ಅಂಗಡ್ಯಾಗ ಇಲ್ಲೇನು?"

"ಅದಽ ಫಜೀತಿ. ಸುಗ್ಗ್ಯಾಗ ನನ್ನ ಹತ್ತಿ ಸೋವಿ, ಬ್ಯಾಸಿಗ್ಯಾಗ ನಿಮ್ಮ ಜ್ವಾಳ ತುಟ್ಟಿ. ಹೋಗ್ಲಿ, ಅಕ್ಕಡಿ ನಂದು. ಅದ್ರಾಗ ಏನ್ ಬಿತ್ತಿದ್ರೂ ಕೇಳಬಾರದು."

ಹತ್ತಿಸಾಲುಗಳ ನಡುವೆ, ಎಂಟು-ಹತ್ತು ಸಾಲಿಗೊಂದರಂತೆ, ಮನೆಯ ಹೆಣ್ಣುಮಗಳು ತನ್ನ ಉಡಿಯಿಂದ ಬೇರೆ ಕಾಳು ಬಿಡುತ್ತ ಹೋಗುವ ಸಾಲೇ ಅಕ್ಕಡಿ. ಅದರ ಬೆಳೆ ಅವಳದು. ಗಂಡಸರು ಲೆಕ್ಕ ಕೇಳುವುದಿಲ್ಲ.

ಸಾವುಕಾರರು ನಕ್ಕರು. "ಅಕ್ಕಡಿ ಕೇಳಾಕ ನಾ ಏನು ಸೀರಿ ಉಟ್ಟೀನೇನು? ನಡಿ."

ಬಿತ್ತನೆ ನೋಡಿ ಬರಲು ನನ್ನನ್ನು ಕಳಿಸಿದರು. ಹತ್ತಿ ಯಾವುದು, ಬದನೆ ಯಾವುದು ಎಂದು ಕಾಯಿ ಬಿಟ್ಟ ಮೇಲಷ್ಟೇ ಗುರುತಿಸಬಲ್ಲ ನನ್ನನ್ನು! ಕೂರಿಗೆಯ ಹಿಂದೆ ಯಮನೂರಮ್ಮ ನವಣೆ ಬಿಡುತ್ತಿದ್ದಳು. ಎರಡು ಸಾಲು ಹತ್ತಿ, ಒಂದು ಸಾಲು ನವಣೆ.

"ಅಕ್ಕಡಿ ಭಾಳ ಒತ್ತಾತಲ್ಲಬೇ ಯವ್ವಾ?"

"ಎಷ್ಟು ಸಾಲಿಗೊಂದಂತ ನಿಮ್ಮ ಸಾವ್ಕಾರ ಹೇಳ್ಯಾನೇನು? ಛತ್ರಿ ನೆರಳಾಗ ನಿಂತು ಎಣಸಬ್ಯಾಡ, ಆ ಬುಟ್ಟಿ ತಾ."

ತಂದುಕೊಟ್ಟೆ. ನೋಡಿದ್ದನ್ನು ಅಂಗಡಿಯಲ್ಲಿ ಹೇಳಿಯೂ ಬಿಟ್ಟೆ. ಸಾವುಕಾರರು ಕೆಟ್ಟವರೇನಲ್ಲ, ಕೊಟ್ಟ ಬೀಜದ ಜೊತೆ ತಮ್ಮ ಮರ್ಜಿಯೂ ಮೊಳೆಯಬೇಕು ಅನ್ನುವವರು, ಅಷ್ಟೇ. ನವಣೆ ಮೊಣಕಾಲುದ್ದ ಬಂದಾಗ ತಾವೇ ಬಂಡಿ ಕಟ್ಟಿಸಿಕೊಂಡು ಬಂದರು.

"ಇದು ಹತ್ತಿ ಹೊಲಾನೋ ನವಣಿ ಹೊಲಾನೋ? ಕಿತ್ತಸು."

"ನೀವಽ ಕೀಳ್ರಿ. ಅಕ್ಕಡಿಗೆ ಕೈ ಹಾಕಿದ ಗಂಡಸು ಅಂತ ಮಸ್ಕಿ ಸಂತ್ಯಾಗ ಹೆಂಗಸ್ರು ಹಾಡು ಕಟ್ಟಿದ್ರ ನನ್ನ ಬೈಬ್ಯಾಡ್ರಿ."

ಸಾವುಕಾರರು ನನ್ನ ಮುಖ ನೋಡಿದರು. ನಾನು ಎತ್ತಿನ ಮುಖ ನೋಡಿದೆ. ಬಂಡಿ ಊರ ಕಡೆ ತಿರುಗಿತು.

ಹತ್ತಿ ಬಿಡಿಸಿದ್ದೇ ತಡ, ಎಲ್ಲರೂ ತಂದು ಅಂಗಡಿಯಲ್ಲಿ ಸುರಿದರು. ಮನೆಯಲ್ಲಿ ಕಾಳು ತೀರಿದವರು ಧಾರಣೆ ಏರಲೆಂದು ಕಾಯುವುದು ಹೇಗೆ? ಯಮನೂರಮ್ಮ ಮಾತ್ರ ಬರಲಿಲ್ಲ. ಸಾವುಕಾರರು ಬಂಡಿ ಕೊಟ್ಟು ನನ್ನನ್ನು ಅಟ್ಟಿದರು. ಹೋಗಿ ನೋಡಿದರೆ ಸಾಲಕ್ಕೆ ಆಗುವಷ್ಟು ಹತ್ತಿ ತೂಗಿಸಿ ಬಾಗಿಲಲ್ಲೇ ಇಟ್ಟಿದ್ದಾಳೆ. ಉಳಿದದ್ದು ಪಡಸಾಲೆಯ ತುಂಬ.

"ಅದು?"

"ಅದು ಧಾರಣಿ ಏರಿದ ಮ್ಯಾಲ. ಮನ್ಯಾಗ ನವಣಿ ಐತಿ, ನನಗೇನು ಅವಸರ? ಕುಂಡ್ರು, ಉಂಡು ಹೋಗು."

ನವಣಕ್ಕಿ ಅನ್ನ, ಪುಂಡಿಪಲ್ಯ. ನಾನು ಎರಡನೆಯ ಸಲ ನೀಡಿಸಿಕೊಳ್ಳುವಾಗ ಅವಳು ಅಂದಳು: "ಬರೋ ವರ್ಷ ಎತ್ತಿನ ಬಾಡಿಗಿ ಅಷ್ಟಽ ಕೇಳ್ತೀನಂತ ಸಾವ್ಕಾರ್ಗ ಹೇಳು. ಬೀಜ ನಂದಽ ಐತಿ."

ಹೇಳುತ್ತೇನೆ ಅಂದೆ, ತುತ್ತು ಬಾಯಲ್ಲಿಟ್ಟುಕೊಂಡೇ.